ಟ್ರೆಂಟ್ ಹೋದದ್ದು 2025ರಲ್ಲಿ, ಕೈತಪ್ಪಿದ್ದು 2023ರಲ್ಲಿ

ಪ್ರಶ್ನೆ: ಸರ್, ನಾನು ಶಿವಮೊಗ್ಗದವನು. ನಾನೂ ನನ್ನ ತಮ್ಮನೂ ಹತ್ತು ವರ್ಷಗಳಿಂದ ನಿದ್ದೆಗೆಟ್ಟು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನ ಪಂದ್ಯ ನೋಡುವವರು. ಆರನೇ ವಯಸ್ಸಿನಿಂದ ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಟ್ರೆಂಟ್ ಅಲೆಕ್ಸಾಂಡರ್-ಆರ್ನಲ್ಡ್ 26ನೇ ವಯಸ್ಸಿನಲ್ಲಿ, ಒಪ್ಪಂದ ಮುಗಿಯಿತೆಂದು ಹೆಚ್ಚುಕಡಿಮೆ ಪುಕ್ಕಟೆಯಾಗಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಸೇರಿಬಿಟ್ಟ. ಅದೇ ಸಮಯದಲ್ಲಿ, ಇನ್ನೆರಡು ತಿಂಗಳಲ್ಲಿ 33 ತುಂಬಲಿದ್ದ ಮೊಹಮ್ಮದ್ ಸಲಾಗೂ ಆಗಲೇ 33 ತುಂಬಿದ್ದ ವರ್ಜಿಲ್ ವಾನ್ ಡೈಕ್‌ಗೂ ಎರಡೆರಡು ವರ್ಷದ ಹೊಸ ಒಪ್ಪಂದ ಕೊಟ್ಟರು. ಬೆಳೆಯುವ ಮರ ಬಿಟ್ಟು ಹಣ್ಣೆಲೆಗೆ ನೀರೆರೆದಂತಾಯಿತಲ್ಲವೇ ಎಂಬುದು ನನ್ನ ವಾದ. 2024ರಲ್ಲೇ ಟ್ರೆಂಟ್‌ನನ್ನು ಮಾರಿದ್ದರೆ ಕೋಟಿಗಟ್ಟಲೆ ಪೌಂಡ್ ಬರುತ್ತಿತ್ತು. ತಮ್ಮನ ವಾದ ಬೇರೆ: ಕ್ಲಬ್ ಸರಿಯಾಗಿಯೇ ನಡೆದುಕೊಂಡಿದೆ, ದ್ರೋಹ ಮಾಡಿದ್ದು ಆಟಗಾರ. ಇದರಲ್ಲಿ ಯಾರ ತಪ್ಪೆಷ್ಟು? ಕ್ಲಬ್‌ಗಳು ಇಂಥ ತೀರ್ಮಾನಗಳನ್ನು ನಿಜಕ್ಕೂ ಹೇಗೆ ಮಾಡುತ್ತವೆ? ಕೊನೆಯದಾಗಿ, ಟ್ರೆಂಟ್‌ನ 66ನೇ ಸಂಖ್ಯೆಯ ಜರ್ಸಿ ನನ್ನ ಬೀರುವಿನಲ್ಲಿದೆ. ಅದನ್ನು ಹಾಕಿಕೊಂಡರೆ ತಮ್ಮ ಜಗಳಕ್ಕೇ ಬರುತ್ತಾನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ನೋವಿನಲ್ಲಿ ಹೆಣೆದುಕೊಂಡಿವೆ. ಮನೆಯ ಹುಡುಗ ಮನೆ ಬಿಟ್ಟು ಹೋದ ದುಃಖ ಒಂದು. ಬೆಲೆಬಾಳುವ ಆಟಗಾರನೊಬ್ಬನಿಂದ ಕ್ಲಬ್ಬಿಗೆ ಏನೂ ಸಿಗಲಿಲ್ಲವೆಂಬ ಲೆಕ್ಕಾಚಾರದ ಸಿಟ್ಟು ಇನ್ನೊಂದು. ಎರಡೂ ನ್ಯಾಯವಾದವೇ, ಆದರೆ ಒಂದಕ್ಕೆ ಇನ್ನೊಂದು ಉತ್ತರವಾಗುವುದಿಲ್ಲ. ನಾನು ಹಲವು ವರ್ಷ ನಮ್ಮ ದೇಶದ ಕ್ಲಬ್‌ಗಳಲ್ಲಿ ಆಟಗಾರರ ನೋಂದಣಿ ಮತ್ತು ಒಪ್ಪಂದಗಳ ಕೆಲಸ ನೋಡಿಕೊಂಡವನು. ಮುಂದೆ ಹೇಳುವ ದಿನಾಂಕ, ಮೊತ್ತಗಳೆಲ್ಲ ಬಹಿರಂಗವಾಗಿ ದಾಖಲಾದವು ಅಥವಾ ವ್ಯಾಪಕವಾಗಿ ವರದಿಯಾದವು. ಅವನ್ನು ಓದುವ ರೀತಿ ಮಾತ್ರ ನನ್ನ ಕಸುಬು ಕಲಿಸಿದ್ದು.

ಮೊದಲು, ಅಭಿಮಾನಿಗಳ ನಡುವೆ ಗಟ್ಟಿಯಾಗಿ ಬೇರೂರಿರುವ ಒಂದು ನಂಬಿಕೆಯನ್ನು ಬಿಡಿಸಬೇಕು. ಆಟಗಾರ ಕ್ಲಬ್ಬಿನ ಸ್ವತ್ತು, ಕ್ಲಬ್ ಬೇಕೆಂದರೆ ಉಳಿಸಿಕೊಳ್ಳಬಹುದು, ಬೇಡವೆಂದರೆ ಮಾರಬಹುದು ಎಂಬುದು ಆ ನಂಬಿಕೆ. ವಾಸ್ತವದಲ್ಲಿ ಒಪ್ಪಂದವೆಂದರೆ ಒಡೆತನವಲ್ಲ. ಇಂಥ ದಿನಾಂಕದವರೆಗೆ ಈ ಆಟಗಾರ ಬೇರೆಯವರಿಗೆ ಆಡುವುದಿಲ್ಲ, ಅಲ್ಲಿಯವರೆಗೆ ಕ್ಲಬ್ ಅವನಿಗೆ ಸಂಬಳ ಕೊಡುತ್ತದೆ ಎಂಬ ಎರಡು ಕಡೆಯ ಮಾತು ಅಷ್ಟೇ. ಒಂದು ಕಾಲದಲ್ಲಿ ಒಪ್ಪಂದ ಮುಗಿದ ಮೇಲೂ ಆಟಗಾರ ಬಿಡುಗಡೆಯಾಗುತ್ತಿರಲಿಲ್ಲ. ಬೆಲ್ಜಿಯಂನ ಜಾನ್-ಮಾರ್ಕ್ ಬಾಸ್ಮನ್ ಅವರ ಒಪ್ಪಂದ 1990ರಲ್ಲಿ ಮುಗಿದಾಗ, ಅವರ ಕ್ಲಬ್ಬಾದ ಆರ್‌ಎಫ್‌ಸಿ ಲಿಯೆಜ್ ಬಹಳ ಕಡಿಮೆ ಸಂಬಳದ ಹೊಸ ಒಪ್ಪಂದ ಮುಂದಿಟ್ಟಿತು. ಫ್ರಾನ್ಸಿನ ಡಂಕರ್ಕ್ ಕ್ಲಬ್ಬಿಗೆ ಹೋಗುತ್ತೇನೆಂದರೆ ಅದಕ್ಕೂ ದಾರಿ ಬಿಡಲಿಲ್ಲ. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಯುರೋಪಿಯನ್ ನ್ಯಾಯಾಲಯ 1995ರ ಡಿಸೆಂಬರ್ 15ರಂದು ಅವರ ಪರವಾಗಿ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರ ಹಣದ ಹಂಗಿಲ್ಲದೆ ಹೋಗಬಹುದು ಎಂಬ ಇಂದಿನ ನಿಯಮದ ಬುಡ ಅಲ್ಲಿದೆ. ಇದರ ಜೊತೆಗೆ, ಒಪ್ಪಂದದಲ್ಲಿ ಆರು ತಿಂಗಳಷ್ಟೇ ಉಳಿದಾಗ ಆಟಗಾರ ಬೇರೆ ದೇಶದ ಕ್ಲಬ್ಬಿನೊಂದಿಗೆ ಮುಂದಿನ ಸೀಸನ್‌ಗೆ ಮೊದಲೇ ಸಹಿ ಹಾಕಬಹುದು. ಹಾಗಾಗಿ 2025ರ ಜನವರಿ 1ರ ಬೆಳಗ್ಗೆ ಟ್ರೆಂಟ್ ಕಾನೂನಿನ ದೃಷ್ಟಿಯಲ್ಲಿ ಮ್ಯಾಡ್ರಿಡ್ ಜೊತೆ ನೇರವಾಗಿ ಮಾತಾಡಲು ಸ್ವತಂತ್ರರಾಗಿದ್ದರು. ನಿಮ್ಮ ತಮ್ಮ ಇದನ್ನು ದ್ರೋಹವೆನ್ನುತ್ತಾರೆ. ಕೊಟ್ಟ ಮಾತಿನ ಕೊನೆಯ ಸೀಸನ್ ಮುಗಿಯುವವರೆಗೂ ಆಡಿ, ಲೀಗ್ ಗೆದ್ದುಕೊಟ್ಟು ಹೋದವರಿಗೆ ಆ ಪದ ಸಲ್ಲುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಎರಡನೆಯ ನಂಬಿಕೆ ನಿಮ್ಮದು: 2024ರ ಬೇಸಿಗೆಯಲ್ಲಿ ಮಾರಿಬಿಡಬೇಕಿತ್ತು ಎನ್ನುವುದು. ಮಾರಾಟಕ್ಕೆ ಮೂವರ ಒಪ್ಪಿಗೆ ಬೇಕು. ಕೊಳ್ಳುವ ಕ್ಲಬ್ಬೂ ಮಾರುವ ಕ್ಲಬ್ಬೂ ಬೆಲೆಯಲ್ಲಿ ಹೊಂದಿಕೊಂಡರೂ ಆಟಗಾರ ತಲೆಯಾಡಿಸದಿದ್ದರೆ ಕಾಗದ ಮುಂದೆ ಸರಿಯುವುದಿಲ್ಲ. ಹನ್ನೆರಡು ತಿಂಗಳು ಕಾದರೆ ತಾನು ಬಯಸಿದ ಕ್ಲಬ್ಬಿಗೇ ಹೋಗಬಹುದು, ವರ್ಗಾವಣೆಗೆ ಖರ್ಚಾಗುವ ಹಣದಲ್ಲಿ ಒಂದು ಪಾಲು ಸಹಿ ಬೋನಸ್ ಆಗಿ ತನ್ನ ಕೈಗೇ ಬರುತ್ತದೆ ಎಂದು ಗೊತ್ತಿರುವ ಆಟಗಾರ ಅವಸರದಲ್ಲಿ ಏಕೆ ಒಪ್ಪುತ್ತಾನೆ? ಕೊಳ್ಳುವವರಿಗೂ ಅದೇ ಲೆಕ್ಕ. ಹಾಗೆಂದು ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲವೆಂದು ಹೇಳಲಾರೆ. ಚೆಲ್ಸಿ ತನ್ನ ಅಕಾಡೆಮಿಯ ಹುಡುಗ ಮೇಸನ್ ಮೌಂಟ್ ಅವರನ್ನು 2023ರಲ್ಲಿ, ಒಪ್ಪಂದದಲ್ಲಿ ಒಂದೇ ವರ್ಷ ಉಳಿದಿದ್ದಾಗ, ಮ್ಯಾಂಚೆಸ್ಟರ್ ಯುನೈಟೆಡ್‌ಗೆ 5.5 ಕೋಟಿ ಪೌಂಡಿಗೆ ಮಾರಿತು; ಆದರೆ ಅಲ್ಲಿ ಹೋಗಲು ಆಟಗಾರ ಸಿದ್ಧವಿದ್ದರು, ಕೊಳ್ಳುವವರಿಗೆ ಅವಸರವಿತ್ತು. ಮ್ಯಾಡ್ರಿಡ್‌ಗೆ ಅವಸರವಿರಲಿಲ್ಲ.

ಉಳಿದ ಅವಧಿ ಬೆಲೆಯನ್ನು ಹೇಗೆ ಏರಿಳಿಸುತ್ತದೆ ಎನ್ನುವುದಕ್ಕೆ 2025ರ ಅದೊಂದೇ ಬೇಸಿಗೆಯಲ್ಲಿ ಲಿವರ್‌ಪೂಲ್ ಬಾಗಿಲಲ್ಲಿ ನಡೆದ ಮೂರು ವ್ಯವಹಾರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ನ್ಯೂಕ್ಯಾಸಲ್‌ನ ಅಲೆಕ್ಸಾಂಡರ್ ಇಸಾಕ್ ಅವರ ಒಪ್ಪಂದ 2028ರವರೆಗೆ, ಅಂದರೆ ಇನ್ನೂ ಮೂರು ವರ್ಷ ಇತ್ತು. ಅವರು ಆ ಕ್ಲಬ್ಬಿಗೆ ಇನ್ನು ಆಡುವುದಿಲ್ಲವೆಂದು ಹಟ ಹಿಡಿದರೂ ನ್ಯೂಕ್ಯಾಸಲ್ ಬೆಲೆಯನ್ನು ತಗ್ಗಿಸಬೇಕಾಗಲಿಲ್ಲ. ಸೆಪ್ಟೆಂಬರ್ 1ರಂದು ಲಿವರ್‌ಪೂಲ್ ಸುಮಾರು 12.5 ಕೋಟಿ ಪೌಂಡ್ ತೆತ್ತು ಅವರನ್ನು ಕರೆತಂದಿತು. ಲೂಯಿಸ್ ಡಿಯಾಜ್ ಅವರ ಒಪ್ಪಂದ 2027ರವರೆಗೆ, ಎರಡು ವರ್ಷ ಉಳಿದಿತ್ತು, ವಯಸ್ಸು 28. ಲಿವರ್‌ಪೂಲ್ ಅವರನ್ನು ಬಯರ್ನ್ ಮ್ಯೂನಿಕ್‌ಗೆ ಸುಮಾರು 7.5 ಕೋಟಿ ಯೂರೊಗೆ ಮಾರಿತು. ಟ್ರೆಂಟ್ ಅವರದು ಆ ಜೂನ್ ಕೊನೆಗೇ ಮುಗಿಯಲಿತ್ತು. ಮ್ಯಾಡ್ರಿಡ್ ಕೊಟ್ಟ ಸುಮಾರು ಒಂದು ಕೋಟಿ ಯೂರೊ ಕೂಡ ಆಟಗಾರನ ಬೆಲೆಯಲ್ಲ. ಜೂನ್ ಮಧ್ಯದಲ್ಲಿ ಆರಂಭವಾಗಲಿದ್ದ ಕ್ಲಬ್ ವಿಶ್ವಕಪ್‌ಗೆ ಅವರು ಒಂದು ತಿಂಗಳು ಮೊದಲೇ ಬೇಕಾಗಿದ್ದರು, ಆ ಮೂವತ್ತು ದಿನಗಳ ಬೆಲೆ ಅದು. ಮೂವರ ಪ್ರತಿಭೆಯಲ್ಲಿ ಇಷ್ಟೊಂದು ಅಂತರವಿದೆಯೆಂದು ಯಾರೂ ಹೇಳಲಾರರು. ಅಂತರವಿದ್ದದ್ದು ಕಾಗದದ ಮೇಲಿನ ತಾರೀಖಿನಲ್ಲಿ.

ಹಾಗಾದರೆ ತಪ್ಪು ನಡೆದದ್ದು ಎಲ್ಲಿ? ನನ್ನ ಉತ್ತರ 2023ರ ಬೇಸಿಗೆ. ಟ್ರೆಂಟ್ ಹಿಂದಿನ ಒಪ್ಪಂದಕ್ಕೆ ಸಹಿ ಹಾಕಿದ್ದು 2021ರ ಜುಲೈ ಕೊನೆಯಲ್ಲಿ, 2025ರವರೆಗೆ. ವಾನ್ ಡೈಕ್ ಸಹಿ ಹಾಕಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ, ಅದೂ 2025ರವರೆಗೆ. ಸಲಾ ಸಹಿ ಹಾಕಿದ್ದು 2022ರ ಜುಲೈ 1ರಂದು ಮೂರು ವರ್ಷಕ್ಕೆ, ಮತ್ತೆ 2025ಕ್ಕೇ. ತಂಡದ ಬೆನ್ನೆಲುಬಿನಂತಿದ್ದ ಮೂವರ ಒಪ್ಪಂದಗಳು ಒಂದೇ ದಿನ ಮುಗಿಯುವಂತೆ ಹೊಂದಿಸಿಟ್ಟದ್ದೇ ಮೊದಲ ಅಚಾತುರ್ಯ. ಯಾವ ಕ್ಲಬ್ಬೂ ಬೇಕೆಂದು ಹೀಗೆ ಮಾಡುವುದಿಲ್ಲ. ಒಂದೊಂದೇ ಒಪ್ಪಂದ ನೋಡುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಮೂರನ್ನೂ ಒಂದೇ ಹಾಳೆಯಲ್ಲಿ ಬರೆದಾಗಲೇ ಎದೆ ಧಸಕ್ಕೆನ್ನುವುದು.

ಆ ಹಾಳೆಯನ್ನು ನೋಡಬೇಕಾದವರು ಸ್ಪೋರ್ಟಿಂಗ್ ಡೈರೆಕ್ಟರ್, ಅಂದರೆ ಆಟಗಾರರ ಖರೀದಿ, ಮಾರಾಟ, ಒಪ್ಪಂದಗಳ ಹೊಣೆ ಹೊತ್ತವರು. ಲಿವರ್‌ಪೂಲ್‌ನಲ್ಲಿ ಆ ಹುದ್ದೆಯನ್ನು ವರ್ಷಗಟ್ಟಲೆ ಸಮರ್ಥವಾಗಿ ನಡೆಸಿದ ಮೈಕಲ್ ಎಡ್ವರ್ಡ್ಸ್ 2022ರಲ್ಲಿ ಹೊರಟರು. ಅವರ ಜಾಗಕ್ಕೆ ಬಂದ ಜೂಲಿಯನ್ ವಾರ್ಡ್ ಒಂದೇ ಸೀಸನ್ ಮುಗಿಸಿ 2023ರಲ್ಲಿ ಬಿಟ್ಟರು. ಆ ಬೇಸಿಗೆಗೆ ಜರ್ಮನಿಯ ಯೋರ್ಗ್ ಶ್ಮಾಟ್ಕೆ ತಾತ್ಕಾಲಿಕವಾಗಿ ಬಂದು 2024ರ ಜನವರಿ ಕಳೆದಂತೆ ಹೋದರು. ಅದೇ ಜನವರಿ 26ರಂದು ಕೋಚ್ ಯೂರ್ಗನ್ ಕ್ಲಾಪ್ ತಾವೂ ಸೀಸನ್ ಕೊನೆಗೆ ಹೊರಡುವುದಾಗಿ ಹೇಳಿದರು. ಎಡ್ವರ್ಡ್ಸ್ ಮಾಲೀಕ ಸಂಸ್ಥೆಯ ಫುಟ್‌ಬಾಲ್ ಮುಖ್ಯಸ್ಥರಾಗಿ ಮರಳಿದ್ದು 2024ರ ಮಾರ್ಚ್‌ನಲ್ಲಿ. ಅವರು ಆರಿಸಿದ ರಿಚರ್ಡ್ ಹ್ಯೂಸ್ ಕುರ್ಚಿಯಲ್ಲಿ ಕೂತದ್ದು ಜೂನ್‌ನಲ್ಲಿ. ಅಷ್ಟರಲ್ಲಿ ಮೂವರ ಒಪ್ಪಂದದಲ್ಲೂ ಉಳಿದದ್ದು ಒಂದೇ ವರ್ಷ. ಎರಡು ವರ್ಷ ಉಳಿದಿದ್ದಾಗ ಕ್ಲಬ್ಬಿನ ಕೈಯಲ್ಲಿದ್ದ ಹಗ್ಗದ ತುದಿ, ಹ್ಯೂಸ್ ಬರುವ ವೇಳೆಗೆ ಆಟಗಾರರ ಕೈಯಲ್ಲಿತ್ತು.

ಇದು ಹೇಗೆ ಆಗುತ್ತದೆ ಎನ್ನುವುದನ್ನು ನಾನು ಬಹಳ ಹತ್ತಿರದಿಂದ ಕಂಡಿದ್ದೇನೆ. ಹಲವು ವರ್ಷಗಳ ಹಿಂದೆ ನಾನಿದ್ದ ಕ್ಲಬ್ಬೊಂದರಲ್ಲಿ ಆಟಗಾರರ ತೀರ್ಮಾನ ಮಾಡುತ್ತಿದ್ದ ಹಿರಿಯರು ಸೀಸನ್ ನಡುವೆ ಕೆಲಸ ಬಿಟ್ಟರು, ಆರು ತಿಂಗಳು ಆ ಕೋಣೆಯ ಬೀಗ ತೆಗೆಯಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ ಇತ್ತು. ಹೆಸರು, ಹುಟ್ಟಿದ ದಿನ, ಒಪ್ಪಂದ ಮುಗಿಯುವ ದಿನ. ಎರಡು ವರ್ಷಕ್ಕಿಂತ ಕಡಿಮೆ ಉಳಿದ ಸಾಲಿಗೆ ಹಳದಿ ಬಣ್ಣ, ಒಂದು ವರ್ಷಕ್ಕಿಂತ ಕಡಿಮೆಯಾದರೆ ಕೆಂಪು. ಇಪ್ಪತ್ತೆರಡರ ಒಬ್ಬ ಡಿಫೆಂಡರ್‌ನ ಸಾಲು ನನ್ನ ಕಣ್ಣೆದುರೇ ಹಳದಿಯಿಂದ ಕೆಂಪಾಯಿತು. ಅವನು ಎರಡು ಸಲ ನನ್ನ ಮೇಜಿನ ಬಳಿ ಬಂದು, "ಸರ್, ನನ್ನ ವಿಷಯ ಏನಾಯ್ತು?" ಎಂದು ಕೇಳಿದ. ಎರಡು ಸಲವೂ ನಾನು, "ಹೊಸಬರು ಬರ್ಲಿ, ಕೂತು ಮಾತಾಡೋಣ" ಎಂದೆ. ತೀರ್ಮಾನ ಮಾಡುವ ಅಧಿಕಾರ ನನಗಿರಲಿಲ್ಲ ನಿಜ, ಆದರೆ ಮೇಲಿನವರ ಬಾಗಿಲು ತಟ್ಟುವ ಅಧಿಕಾರವಿತ್ತು, ನಾನು ತಟ್ಟಲಿಲ್ಲ. ಜನವರಿಯಲ್ಲಿ ಅವನು ಬೇರೆ ಕಡೆ ಸಹಿ ಹಾಕಿದ. ಹೊರಡುವ ದಿನ ಕ್ಲಬ್ ಕೊಟ್ಟಿದ್ದ ಬಾಡಿಗೆ ಮನೆಯ ಬೀಗದ ಕೈ ಹಿಂತಿರುಗಿಸಲು ಬಂದವನು ಹೇಳಿದ್ದು ಇಷ್ಟೇ: "ಇಲ್ಲ ಅಂತ ಅಂದಿದ್ರೂ ಬೇಜಾರಿರ್ಲಿಲ್ಲ ಸರ್. ನೀವು ಏನೂ ಅನ್ಲೇ ಇಲ್ಲ." ಒಪ್ಪಂದದ ವಿಷಯದಲ್ಲಿ ಕ್ಲಬ್ಬಿನ ಮೌನವನ್ನು ಆಟಗಾರ ಯಾವಾಗಲೂ ಉತ್ತರವೆಂದೇ ತಿಳಿಯುತ್ತಾನೆ.

ಎರಡು ವರ್ಷ ಉಳಿದಿರುವ ಆ ಘಟ್ಟದಲ್ಲಿ ಕ್ಲಬ್ಬಿನ ಮುಂದೆ ಮೂರೇ ದಾರಿಗಳಿರುತ್ತವೆ: ಒಪ್ಪಂದ ನವೀಕರಿಸುವುದು, ಮಾರುವುದು, ಅಥವಾ ಮುಗಿಯುವವರೆಗೆ ಆಡಿಸಿಕೊಳ್ಳುವುದು. ಮೂರರಲ್ಲೂ ಅಪಾಯವಿದೆ.

ನವೀಕರಿಸುವುದು ಅಭಿಮಾನಿಗಳಿಗೆ ಅತ್ಯಂತ ಇಷ್ಟವಾದ ದಾರಿ, ಅದೇ ಎಷ್ಟೋ ಸಲ ಅತ್ಯಂತ ದುಬಾರಿಯೂ ಆಗುತ್ತದೆ. ಆರ್ಸೆನಲ್ 2018ರ ಜನವರಿಯಲ್ಲಿ ಅಲೆಕ್ಸಿಸ್ ಸ್ಯಾಂಚೆಸ್ ಕೈಬಿಟ್ಟು ಹೋದ ಬೆನ್ನಲ್ಲೇ, ಇನ್ನೊಬ್ಬ ದೊಡ್ಡ ಆಟಗಾರನನ್ನೂ ಕಳೆದುಕೊಳ್ಳುವ ಭಯದಲ್ಲಿ ಮೆಸುಟ್ ಓಜಿಲ್ ಅವರೊಂದಿಗೆ ಭಾರಿ ಸಂಬಳದ ಒಪ್ಪಂದ ಮಾಡಿಕೊಂಡಿತು. 2020ರ ಅಕ್ಟೋಬರ್‌ನಲ್ಲಿ ಅದೇ ಓಜಿಲ್ ಅವರ ಹೆಸರು ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನ 25 ಜನರ ಪಟ್ಟಿಯಲ್ಲೇ ಇರಲಿಲ್ಲ. ಆಡದವರಿಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟು, 2021ರ ಜನವರಿಯಲ್ಲಿ ಅವಧಿಗೆ ಮುನ್ನವೇ ಬೀಳ್ಕೊಟ್ಟರು. ಅಷ್ಟರಲ್ಲಾಗಲೇ 2020ರ ಸೆಪ್ಟೆಂಬರ್‌ನಲ್ಲಿ ಪಿಯರೆ-ಎಮೆರಿಕ್ ಔಬಮೆಯಾಂಗ್‌ಗೆ 31ನೇ ವಯಸ್ಸಿನಲ್ಲಿ ಮೂರು ವರ್ಷದ ಒಪ್ಪಂದ ಕೊಟ್ಟಾಗಿತ್ತು. ಮುಂದಿನ ವರ್ಷದ ಡಿಸೆಂಬರ್‌ನಲ್ಲಿ ಅವರ ನಾಯಕತ್ವ ಹೋಯಿತು, ಅದಾದ ಎರಡು ತಿಂಗಳಲ್ಲಿ ಅವರು ಹಣವಿಲ್ಲದೆ ಬಾರ್ಸಿಲೋನಾ ಸೇರಿದರು. ಒಬ್ಬರ ಸಂಬಳ ಏರಿದಾಗ ಲಾಕರ್ ಕೋಣೆಯ ಉಳಿದ ಇಪ್ಪತ್ತು ಜನರ ಏಜೆಂಟರೂ ಮುಂದಿನ ವಾರವೇ ಫೋನ್ ಮಾಡುತ್ತಾರೆ ಎನ್ನುವುದು ಹೊರಗಿನವರಿಗೆ ಕಾಣದ ಖರ್ಚು.

ಮಾರುವ ದಾರಿಯ ಅಪಾಯ ಬೇರೆ ಬಗೆಯದು. ಹಣ ಬರುತ್ತದೆ, ಆದರೆ ಆ ಹಣದಲ್ಲಿ ಅಂಥವನೇ ಇನ್ನೊಬ್ಬ ಸಿಗುತ್ತಾನೆಂಬ ಖಾತ್ರಿಯಿಲ್ಲ. ಲಿವರ್‌ಪೂಲ್ 2018ರ ಜನವರಿಯಲ್ಲಿ ಫಿಲಿಪ್ ಕುಟಿನ್ಯೊ ಅವರನ್ನು ಬಾರ್ಸಿಲೋನಾಗೆ ಮಾರಿತು; ಅದಕ್ಕೆ ಕೆಲವೇ ದಿನ ಮೊದಲು 7.5 ಕೋಟಿ ಪೌಂಡಿಗೆ ವಾನ್ ಡೈಕ್ ಅವರನ್ನೂ ಆ ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್ ಅವರನ್ನೂ ಕರೆತಂದು ತಂಡದ ಭವಿಷ್ಯವನ್ನೇ ಬದಲಿಸಿತು. ಆ ಮಾರಾಟವನ್ನು ಎಲ್ಲರೂ ಉದಾಹರಣೆಯಾಗಿ ಹೇಳುತ್ತಾರೆ. ಅಂಥದ್ದು ಎಷ್ಟು ಅಪರೂಪ ಎನ್ನುವುದನ್ನು ಹೇಳುವುದಿಲ್ಲ. 2023ರ ಸೆಪ್ಟೆಂಬರ್ ಆರಂಭದಲ್ಲಿ ಸೌದಿಯ ಅಲ್-ಇತ್ತಿಹಾದ್ ಸಲಾಗಾಗಿ 15 ಕೋಟಿ ಪೌಂಡ್‌ವರೆಗಿನ ಪ್ರಸ್ತಾವ ಮುಂದಿಟ್ಟಿತೆಂದು ವರದಿಯಾಗಿತ್ತು, ಲಿವರ್‌ಪೂಲ್ ನಿರಾಕರಿಸಿತು. ಮುಂದಿನ ಸೀಸನ್‌ನಲ್ಲಿ ಏನಾಯಿತೆಂದು ತಿಳಿದ ನಮಗೆ ಅದು ಸರಿಯಾದ ನಿರಾಕರಣೆ. ಆದರೆ ಬೇಡವೆಂದು ಹೇಳಿದ ದಿನವೇ ಹೊಸ ಒಪ್ಪಂದದ ಮಾತು ಆರಂಭಿಸಿ ಮುಗಿಸಬೇಕಿತ್ತು. ಮಾರುವುದಿಲ್ಲ ಎನ್ನುವುದು ಅರ್ಧ ತೀರ್ಮಾನ ಮಾತ್ರ.

ಮೂರನೆಯ ದಾರಿಯನ್ನು, ಅಂದರೆ ಒಪ್ಪಂದ ಮುಗಿಯಲು ಬಿಡುವುದನ್ನು, ಅಭಿಮಾನಿಗಳು ಸೋಲೆಂದೇ ಭಾವಿಸುತ್ತಾರೆ. ಯಾವಾಗಲೂ ಹಾಗಲ್ಲ. ರಾಬರ್ಟೊ ಫಿರ್ಮಿನೊ 2023ರಲ್ಲಿ ಹೋದಾಗಲೂ, ಜೋಯೆಲ್ ಮಾಟಿಪ್ ಮತ್ತು ಥಿಯಾಗೊ 2024ರಲ್ಲಿ ಹೋದಾಗಲೂ ಕ್ಲಬ್ಬಿಗೆ ಬಿಡಿಗಾಸೂ ಬರಲಿಲ್ಲ, ಆದರೂ ಆ ತೀರ್ಮಾನಗಳು ಸಮರ್ಥನೀಯವಾಗಿದ್ದವು. ಅವರಿಂದ ಪಡೆಯಬೇಕಾದ ಆಟವನ್ನು ಕ್ಲಬ್ ಪಡೆದಾಗಿತ್ತು. ಇಪ್ಪತ್ತಾರರ ಆಟಗಾರನ ವಿಷಯದಲ್ಲಿ ಮಾತ್ರ ಆ ಸಮರ್ಥನೆ ನಿಲ್ಲುವುದಿಲ್ಲ, ಏಕೆಂದರೆ ಅವನ ಅತ್ಯುತ್ತಮ ವರ್ಷಗಳು ಇನ್ನೂ ಮುಂದಿರುತ್ತವೆ, ಅವು ಬೇರೆಯವರ ಪಾಲಾಗುತ್ತವೆ.

ಟ್ರೆಂಟ್ ವಿಷಯದಲ್ಲಿ ನಷ್ಟ ಇನ್ನಷ್ಟು ದೊಡ್ಡದಾಗಲು ಲೆಕ್ಕಪತ್ರದ ಒಂದು ಕಾರಣವೂ ಇದೆ. ಕ್ಲಬ್ಬೊಂದು ಆಟಗಾರನನ್ನು ಐದು ವರ್ಷದ ಒಪ್ಪಂದಕ್ಕೆ 6 ಕೋಟಿ ಪೌಂಡಿಗೆ ಕೊಂಡರೆ, ಪುಸ್ತಕದಲ್ಲಿ ಆ ಖರ್ಚನ್ನು ವರ್ಷಕ್ಕೆ 1.2 ಕೋಟಿಯಂತೆ ಹಂಚಿ ಬರೆಯುತ್ತದೆ. ಮೂರು ವರ್ಷದ ನಂತರ ಅವನನ್ನು 4 ಕೋಟಿಗೆ ಮಾರಿದರೆ, ಉಳಿದ 2.4 ಕೋಟಿ ಕಳೆದು 1.6 ಕೋಟಿ ಮಾತ್ರ ಲಾಭ. ಅಕಾಡೆಮಿಯಲ್ಲಿ ಬೆಳೆದವನಿಗೆ ಕೊಂಡ ಬೆಲೆಯೇ ಇಲ್ಲ. ಅವನನ್ನು ಮಾರಿದರೆ ಬಂದ ಹಣವೆಲ್ಲ ಆ ವರ್ಷದ ಲಾಭ. ಮೂರು ವರ್ಷಗಳಲ್ಲಿ 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ತೋರಿಸಬಾರದೆಂಬ ಆಗಿನ ಪ್ರೀಮಿಯರ್ ಲೀಗ್ ನಿಯಮವನ್ನು ಮೀರಿದ್ದಕ್ಕೆ ಎವರ್ಟನ್ 2023ರ ನವೆಂಬರ್‌ನಲ್ಲಿ 10 ಅಂಕ ಕಳೆದುಕೊಂಡಿತು, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಇಂಥ ನಿಯಮಗಳಿರುವಾಗ ಮನೆಯ ಹುಡುಗರೇ ಕ್ಲಬ್‌ಗಳಿಗೆ ಮಾರಲು ಅತ್ಯಂತ ಲಾಭದಾಯಕರಾಗಿಬಿಟ್ಟಿದ್ದಾರೆ. ಇದು ನನಗೆ ಬೇಸರ ತರುವ ಸಂಗತಿ. ತಮ್ಮೂರಿನ ಹುಡುಗ ತಮ್ಮ ತಂಡಕ್ಕೆ ಆಡುವುದನ್ನು ನೋಡಲು ಜನ ಕ್ರೀಡಾಂಗಣಕ್ಕೆ ಬರುತ್ತಾರೆ, ನಿಯಮ ಮಾತ್ರ ಅವನನ್ನೇ ಮೊದಲು ಮಾರೆಂದು ಕ್ಲಬ್ಬಿನ ಕಿವಿಯಲ್ಲಿ ಹೇಳುತ್ತದೆ.

ಇನ್ನೊಂದು ಸಣ್ಣ ಪೆಟ್ಟು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಯುರೋಪಿನ ಅಗ್ರ ಕ್ಲಬ್‌ಗಳು ಸೆಣಸುವ ಚಾಂಪಿಯನ್ಸ್ ಲೀಗ್‌ಗೆ ಕೊಡುವ 25 ಹೆಸರುಗಳ ಪಟ್ಟಿಯಲ್ಲಿ ನಾಲ್ಕು ಜಾಗ ಆಯಾ ಕ್ಲಬ್ಬೇ ತರಬೇತಿ ಕೊಟ್ಟು ಬೆಳೆಸಿದವರಿಗೆ ಮೀಸಲು. ಅಂಥವರು ಇಲ್ಲದಿದ್ದರೆ ಆ ಜಾಗ ಖಾಲಿಯೇ ಉಳಿಯುತ್ತದೆ, ಬೇರೆಯವರನ್ನು ತುಂಬುವಂತಿಲ್ಲ. ಟ್ರೆಂಟ್ ಅಂಥ ಒಂದು ಜಾಗ ತುಂಬುತ್ತಿದ್ದವರು. ಅವರ ಬದಲಿಗೆ ಲಿವರ್‌ಪೂಲ್ ಸುಮಾರು 3 ಕೋಟಿ ಪೌಂಡ್ ಕೊಟ್ಟು ತಂದ ಜೆರೆಮಿ ಫ್ರಿಂಪಾಂಗ್ ವೇಗದ ಆಟಗಾರರೇ ಆದರೂ ಆ ಮೀಸಲು ಜಾಗಕ್ಕೆ ಸಲ್ಲುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್ ಕೊಟ್ಟ ಮೊದಲ ಪಟ್ಟಿಯಲ್ಲಿ ಫೆಡೆರಿಕೊ ಕಿಯೇಸಾ ಅವರಂಥ ಹೆಸರಾಂತ ಆಟಗಾರನಿಗೆ ಸ್ಥಳ ಸಿಗದಿದ್ದಾಗ ಅಭಿಮಾನಿಗಳು ಅಚ್ಚರಿಪಟ್ಟರು. ಪಟ್ಟಿ ಕಟ್ಟುವವರ ಕಷ್ಟ ಏನೆಂದು ಅಲ್ಲಿ ತಿಳಿಯುತ್ತದೆ.

ಈಗ ನಿಮ್ಮ ಹಣ್ಣೆಲೆಯ ಮಾತಿಗೆ ಬರುತ್ತೇನೆ. ಸಲಾ ಏಪ್ರಿಲ್ 11ರಂದು, ವಾನ್ ಡೈಕ್ ಆರು ದಿನಗಳ ನಂತರ 2027ರವರೆಗಿನ ಒಪ್ಪಂದಗಳಿಗೆ ಸಹಿ ಹಾಕಿದರು. ಇದು ಭಾವುಕ ತೀರ್ಮಾನವೆಂದು ನೀವು ಭಾವಿಸಿದ್ದೀರಿ, ನಾನು ಒಪ್ಪುವುದಿಲ್ಲ. ಆ ಸೀಸನ್‌ನ ಲೀಗ್‌ನಲ್ಲಿ ಸಲಾ 29 ಗೋಲು ಹೊಡೆದು, 18 ಗೋಲುಗಳಿಗೆ ನೆರವಾಗಿದ್ದರು; 38 ಪಂದ್ಯಗಳ ಸೀಸನ್‌ನಲ್ಲಿ ಒಟ್ಟು 47 ಗೋಲುಗಳಲ್ಲಿ ಪಾಲು ಪಡೆದವರು ಅದುವರೆಗೆ ಇನ್ನೊಬ್ಬರಿರಲಿಲ್ಲ. ಅಂಥವರನ್ನು ಪುಕ್ಕಟೆಯಾಗಿ ಕಳೆದುಕೊಂಡು, ಹೊಸಬರೊಬ್ಬರನ್ನು ಹತ್ತು ಕೋಟಿ ಕೊಟ್ಟು ತಂದು, ಅವರಿಗೂ ಹೆಚ್ಚುಕಡಿಮೆ ಅಷ್ಟೇ ಸಂಬಳ ಕೊಡುವುದಕ್ಕಿಂತ ಎರಡು ವರ್ಷದ ನವೀಕರಣ ಅಗ್ಗವಾಗಿತ್ತು. ವಯಸ್ಸಾದವರ ಒಪ್ಪಂದದಲ್ಲಿ ನೋಡಬೇಕಾದದ್ದು ಸಂಬಳಕ್ಕಿಂತ ಅವಧಿಯನ್ನು. ಎರಡು ವರ್ಷ ತಡೆದುಕೊಳ್ಳಬಹುದಾದ ಪಣ. ಮೂರು, ನಾಲ್ಕು ವರ್ಷ ಕೊಟ್ಟಿದ್ದರೆ ನಾನೂ ನಿಮ್ಮ ಜೊತೆ ಸೇರುತ್ತಿದ್ದೆ. ವಯಸ್ಸನ್ನು ಮಾತ್ರ ನೋಡಿ ಆಟಗಾರನನ್ನು ಅಳೆಯಬಾರದೆಂದು ನಮ್ಮ ಕಂಠೀರವ ಕ್ರೀಡಾಂಗಣಕ್ಕೆ ಹೋಗುವವರಿಗೆ ಹೇಳಬೇಕಾಗಿಯೇ ಇಲ್ಲ. ಸುನಿಲ್ ಛೇಟ್ರಿ ತಮ್ಮ 40ನೇ ವಯಸ್ಸಿನಲ್ಲಿ, 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಬೆಂಗಳೂರು ಎಫ್‌ಸಿ ಪರ 14 ಗೋಲು ಹೊಡೆದರು. ಆ ಸೀಸನ್‌ನಲ್ಲಿ ಅಷ್ಟು ಗೋಲು ಹೊಡೆದ ಭಾರತೀಯ ಮತ್ತೊಬ್ಬರಿಲ್ಲ.

ಪಣದ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಸಹಿಯಾಗಿ ಎಂಟು ತಿಂಗಳಾಗುವಷ್ಟರಲ್ಲಿ, 2025ರ ಡಿಸೆಂಬರ್ 6ರಂದು ಲೀಡ್ಸ್ ವಿರುದ್ಧದ ಪಂದ್ಯದಲ್ಲಿ ಸಲಾ ಸತತ ಮೂರನೇ ಬಾರಿ ಆರಂಭದ ಹನ್ನೊಂದರಲ್ಲಿರಲಿಲ್ಲ. ಪಂದ್ಯ ಮುಗಿದ ಮೇಲೆ ಸುದ್ದಿಗಾರರ ಮುಂದೆ, ಕ್ಲಬ್ ತನ್ನನ್ನು ಬಲಿಪಶು ಮಾಡಿದೆಯೆಂಬ ಅರ್ಥದಲ್ಲಿ ನೋವು ತೋಡಿಕೊಂಡರು. ಮುಂದಿನ ಇಂಟರ್ ಮಿಲಾನ್ ಪಂದ್ಯಕ್ಕೆ ಅವರನ್ನು ಕರೆದೊಯ್ಯಲಿಲ್ಲ. ಹಿರಿಯ ಆಟಗಾರನ ಒಪ್ಪಂದದಲ್ಲಿ ದುಡ್ಡಿಗಿಂತ ದೊಡ್ಡ ಅಪಾಯ ಇದೇ. ಕಾಲಿನ ಬಲ ಕುಂದಿದ ದಿನ ಅವನನ್ನು ಬೆಂಚಿನ ಮೇಲೆ ಕೂರಿಸುವುದು ಕೋಚ್‌ನ ಕೆಲಸ, ಆದರೆ ಏಪ್ರಿಲ್‌ನಲ್ಲಿ ಸಿಂಹಾಸನ ಹಾಕಿ ಫೋಟೊ ತೆಗೆಸಿದವರನ್ನು ಡಿಸೆಂಬರ್‌ನಲ್ಲಿ ಬೆಂಚಿಗೆ ಕಳಿಸುವಾಗ ಇಡೀ ತಂಡ ನೋಡುತ್ತಿರುತ್ತದೆ. ಸಹಿ ಹಾಕಿಸುವ ದಿನವೇ ಈ ಮಾತನ್ನು ಎದುರೆದುರು ಕೂತು ಆಡಿ ಮುಗಿಸಬೇಕು: ಈ ವರ್ಷ ನೀವು ಎಲ್ಲ ಪಂದ್ಯ ಆಡುತ್ತೀರಿ, ಮುಂದಿನ ವರ್ಷ ಆಡಲಿಕ್ಕಿಲ್ಲ ಎಂದು. ನಾನು ಕೂತ ಬಹುಪಾಲು ಮಾತುಕತೆಗಳಲ್ಲಿ ಎಲ್ಲರೂ ಆ ಮಾತನ್ನು ಮುಂದೂಡಿದವರೇ, ಏಕೆಂದರೆ ಸಹಿಯ ದಿನ ಯಾರಿಗೂ ಕಹಿ ಬೇಡ. ಇಷ್ಟಾದರೂ 2025ರ ಏಪ್ರಿಲ್‌ನಲ್ಲಿ ಗೊತ್ತಿದ್ದದ್ದನ್ನು ಇಟ್ಟುಕೊಂಡು ನೋಡಿದರೆ ಆ ಸಹಿ ಸರಿಯಾಗಿತ್ತು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ತೀರ್ಮಾನವನ್ನು ಅದು ಆದ ದಿನದ ಬೆಳಕಿನಲ್ಲೇ ತೂಗಬೇಕು.

ಅದೇ ತಕ್ಕಡಿಯನ್ನು 2025ರ ಜನವರಿಗೂ ಹಿಡಿಯಬೇಕು. 2024ರ ವರ್ಷಾಂತ್ಯದಲ್ಲಿ ಟ್ರೆಂಟ್ ಅವರನ್ನು ಕೊಳ್ಳುವ ಬಗ್ಗೆ ಮ್ಯಾಡ್ರಿಡ್ ಕೇಳಿದ್ದನ್ನು ಲಿವರ್‌ಪೂಲ್ ತಳ್ಳಿಹಾಕಿತೆಂದು ವರದಿಯಾಯಿತು. ಆಗ ಬರಬಹುದಾಗಿದ್ದ ಹಣ ಬೇಡವೆಂದದ್ದು ಹುಚ್ಚುತನವೆಂದು ನಿಮಗೆ ಅನ್ನಿಸಬಹುದು. ಆದರೆ ತಂಡ ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿತ್ತು. ಏಪ್ರಿಲ್ 27ರಂದು ಟಾಟನ್‌ಹ್ಯಾಮ್ ಅನ್ನು 5-1ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ನಡು ಸೀಸನ್‌ನಲ್ಲಿ ಮೊದಲ ಆಯ್ಕೆಯ ರೈಟ್ ಬ್ಯಾಕನ್ನು ಕಳಿಸಿಕೊಟ್ಟು ಪ್ರಶಸ್ತಿ ಕೈತಪ್ಪಿದ್ದರೆ ನೀವೂ ನಿಮ್ಮ ತಮ್ಮನೂ ಆಗ ಒಂದೇ ಪಕ್ಷವಾಗಿ ಕ್ಲಬ್ಬನ್ನು ಬೈಯುತ್ತಿದ್ದಿರಿ. ಆ ಹೊತ್ತಿಗೆ ಉಳಿದಿದ್ದ ದಾರಿಗಳಲ್ಲಿ ಕ್ಲಬ್ ಆರಿಸಿಕೊಂಡದ್ದೇ ಸರಿಯಾದದ್ದು. ಹಾಗಾಗಿ ನಿಮ್ಮಿಬ್ಬರ ವಾದಕ್ಕೆ ನನ್ನ ತೀರ್ಪು ಹೀಗೆ: 2025ರ ತೀರ್ಮಾನಗಳ ಬಗ್ಗೆ ನಿಮ್ಮ ತಮ್ಮ ಹೇಳುವುದು ಸರಿ. ಕ್ಲಬ್ ತಪ್ಪಿದೆ ಎಂಬ ನಿಮ್ಮ ಮಾತೂ ಸರಿ, ಆದರೆ ನೀವು ಬೆರಳು ತೋರಿಸುತ್ತಿರುವ ವರ್ಷ ಸರಿಯಲ್ಲ. ಟ್ರೆಂಟ್ ಮೇಲಿನ ದ್ರೋಹದ ಆರೋಪವನ್ನು ನಾನು ತಳ್ಳಿಹಾಕುತ್ತೇನೆ. ಡಿಯಾಜ್ ಅವರನ್ನು ಎರಡು ವರ್ಷ ಉಳಿದಿರುವಾಗಲೇ ಮಾರಿದ್ದನ್ನು ನೋಡಿದರೆ, ಕ್ಲಬ್ ಪಾಠ ಕಲಿತಂತೆ ನನಗೆ ಕಾಣುತ್ತದೆ. ಮುಂದೆ ನಿಮಗೆ ಯಾವುದೇ ಆಟಗಾರನ ಬಗ್ಗೆ ಆತಂಕವಾದಾಗ ವದಂತಿಗಳನ್ನು ಓದುವ ಬದಲು ಅವನ ಒಪ್ಪಂದ ಮುಗಿಯುವ ವರ್ಷವನ್ನು ಹುಡುಕಿ, ಅದರಿಂದ ಎರಡು ಕಳೆಯಿರಿ. ಆ ವರ್ಷದ ಬೇಸಿಗೆಯಲ್ಲಿ ಕ್ಲಬ್ ಸುಮ್ಮನಿದ್ದರೆ ಆಗ ಸಿಟ್ಟು ಮಾಡಿಕೊಳ್ಳಿ. ಆಗ ಅದಕ್ಕೆ ಬೆಲೆಯಿರುತ್ತದೆ.

ಜರ್ಸಿಯ ವಿಷಯ ಉಳಿಯಿತು. 2025ರ ಮೇ 11ರಂದು, ಹೊರಡುವುದಾಗಿ ಹೇಳಿದ ಆರು ದಿನಗಳ ನಂತರ, ಆರ್ಸೆನಲ್ ವಿರುದ್ಧ ಬದಲಿ ಆಟಗಾರರಾಗಿ ಇಳಿದ ಟ್ರೆಂಟ್ ಅವರನ್ನು ಲಿವರ್‌ಪೂಲ್‌ನ ತವರು ಮೈದಾನ ಆನ್‌ಫೀಲ್ಡ್‌ನ ಒಂದು ಪಾಲು ಜನ ಕೂಗಿ ಹೀಯಾಳಿಸಿದರು. ನವೆಂಬರ್ 4ರಂದು ಮ್ಯಾಡ್ರಿಡ್ ಅಂಗಿ ತೊಟ್ಟು ಅದೇ ಮೈದಾನಕ್ಕೆ ಕೊನೆಯ ನಿಮಿಷಗಳಲ್ಲಿ ಬಂದಾಗಲೂ ಹಾಗೆಯೇ ಆಯಿತು. ಲಿವರ್‌ಪೂಲ್ 1-0ರಿಂದ ಗೆದ್ದ ಆ ರಾತ್ರಿ ನೀವಿಬ್ಬರೂ ಎದ್ದೇ ಇದ್ದಿರಬೇಕು. ಆ ಜನರ ನೋವನ್ನು ನಾನು ಅಲ್ಲಗಳೆಯುವುದಿಲ್ಲ, ಅವರ ಬೀದಿಯಲ್ಲಿ ಬೆಳೆದ ಹುಡುಗ ಅವರು. ಆದರೆ 2019ರ ಮೇ 7ರಂದು ಬಾರ್ಸಿಲೋನಾ ಎದುರು, ಯಾರೂ ಸಿದ್ಧರಾಗುವ ಮೊದಲೇ ಕಾರ್ನರ್‌ನಿಂದ ಚೆಂಡನ್ನು ಒಳಕ್ಕೆ ಒದ್ದು, ಡಿವೊಕ್ ಒರಿಗಿ ನಾಲ್ಕನೇ ಗೋಲು ಹೊಡೆಯುವಂತೆ ಮಾಡಿದ ಇಪ್ಪತ್ತರ ಹುಡುಗನ ಬೆನ್ನ ಮೇಲಿದ್ದದ್ದು ಅದೇ 66. ಬೀರುವಿನಿಂದ ತೆಗೆದು ಹಾಕಿಕೊಳ್ಳಿ. ತಮ್ಮ ಜಗಳಕ್ಕೆ ಬಂದರೆ ಆ ಕಾರ್ನರ್ ಅವರಿಗೆ ಇನ್ನೊಮ್ಮೆ ತೋರಿಸಿ.